ಬೆಲೆ ಜಾಸ್ತಿ ಮಾಡುವುದು ಅಪರಾಧವಲ್ಲ, ಮಾತಾಡಿಕೊಂಡು ಮಾಡಿದರೆ ಅಪರಾಧ

1994ರ ಮಾರ್ಚ್ ತಿಂಗಳು. ಹವಾಯಿಯ ಮಾವಿ ದ್ವೀಪದ ಒಂದು ಹೋಟೆಲ್ ಕೋಣೆಯಲ್ಲಿ ಅಮೆರಿಕ, ಜಪಾನ್, ಕೊರಿಯಾದ ಕಂಪನಿಗಳ ದೊಡ್ಡ ಅಧಿಕಾರಿಗಳು ಕುಳಿತಿದ್ದಾರೆ. ಹೊರಗೆ ಇವರೆಲ್ಲ ಪರಸ್ಪರ ಪೈಪೋಟಿಗೆ ಬಿದ್ದ ಕಂಪನಿಗಳವರು. ಒಳಗೆ ಮಾತ್ರ ಯಾರು ಎಷ್ಟು ಟನ್ ಮಾರಬೇಕು, ಯಾವ ಬೆಲೆಗೆ ಮಾರಬೇಕು ಅಂತ ಲೆಕ್ಕ ಹಾಕುತ್ತಿದ್ದಾರೆ. ಕೋಣೆಯಲ್ಲಿ ಬಚ್ಚಿಟ್ಟ ಕ್ಯಾಮೆರಾ ಎಲ್ಲವನ್ನೂ ಚಿತ್ರೀಕರಿಸುತ್ತಿದೆ. ಅದನ್ನು ಇಟ್ಟದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ.

ಅವರು ಮಾರುತ್ತಿದ್ದದ್ದು ಲೈಸಿನ್. ಕೋಳಿ, ಹಂದಿಗಳ ಮೇವಿಗೆ ಸೇರಿಸುವ ಒಂದು ಪೌಷ್ಟಿಕ ಅಂಶ ಅದು. ಮೆಕ್ಕೆಜೋಳದಿಂದ ತೆಗೆದ ಸಕ್ಕರೆಯನ್ನು ಹುದುಗಿಸಿ ಮಾಡುತ್ತಾರೆ. ಅಂಗಡಿಗೆ ಹೋಗಿ ಲೈಸಿನ್ ಕೊಡಿ ಅಂತ ನಾವ್ಯಾರೂ ಕೇಳುವುದಿಲ್ಲ. ಆದರೆ ಕೋಳಿ ಸಾಕುವವನ ಖರ್ಚಿನಲ್ಲಿ ಅದರ ಪಾಲು ಇದ್ದೇ ಇರುತ್ತದೆ. ಹಾಗಾಗಿ ಕೊನೆಗೆ ತಿನ್ನುವವರ ತಟ್ಟೆಯಲ್ಲೂ ಇರುತ್ತದೆ.

ಮೊದಲು ಈ ವ್ಯಾಪಾರ ಜಪಾನ್ ಮತ್ತು ಕೊರಿಯಾದ ಕಂಪನಿಗಳ ಕೈಯಲ್ಲಿತ್ತು. 1991ರಲ್ಲಿ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್, ಅಂದರೆ ಎಡಿಎಂ, ಇಲಿನಾಯ್ ರಾಜ್ಯದ ಡಿಕೇಟರ್ ಊರಿನಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಮಾಲು ಹೆಚ್ಚಿತು, ಬೆಲೆ ಬಿತ್ತು. ಪೌಂಡಿಗೆ ಸುಮಾರು 1 ಡಾಲರ್ 30 ಸೆಂಟ್ ಇದ್ದದ್ದು ಅರ್ಧದಷ್ಟಕ್ಕೆ ಇಳಿಯಿತು. ಮೇವು ಕೊಳ್ಳುವವರಿಗೆ ಒಳ್ಳೆಯ ಕಾಲ ಬಂತು ಅನ್ನಿ. ಅದು ಬಹಳ ದಿನ ಉಳಿಯಲಿಲ್ಲ. 1992ರ ಮಧ್ಯದಲ್ಲಿ ಕಂಪನಿಗಳು ಗುಟ್ಟಾಗಿ ಸೇರಲು ಶುರು ಮಾಡಿದವು. ಆ ವರ್ಷದ ಕೊನೆಗೆ ಬೆಲೆ ಮತ್ತೆ 1 ಡಾಲರಿನ ಆಸುಪಾಸಿಗೆ ಏರಿತ್ತು.

ಈ ಕೂಟ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೆಲೆ ಇಷ್ಟು ಅಂತ ಒಪ್ಪಿಕೊಳ್ಳುವುದು ಸುಲಭ. ಒಪ್ಪಿದ ಮೇಲೆ ಒಬ್ಬ ಗುಟ್ಟಾಗಿ ಐದು ಸೆಂಟ್ ಇಳಿಸಿ ಗಿರಾಕಿಯನ್ನು ಎಳೆದುಕೊಂಡರೆ? ಅದಕ್ಕೆ ಅವರು ಪ್ರತಿಯೊಬ್ಬರ ಪಾಲನ್ನೂ ಟನ್ ಲೆಕ್ಕದಲ್ಲಿ ಗೊತ್ತು ಮಾಡಿದರು. ಪ್ರತಿ ತಿಂಗಳೂ ಎಷ್ಟು ಮಾರಿದೆವು ಅಂತ ಒಂದು ಕಡೆ ಲೆಕ್ಕ ಒಪ್ಪಿಸಬೇಕು. ವರ್ಷದ ಕೊನೆಗೆ ಪಾಲಿಗಿಂತ ಜಾಸ್ತಿ ಮಾರಿದವನು ಕಡಿಮೆ ಮಾರಿದವನ ಮಾಲನ್ನು ಕೊಳ್ಳಬೇಕು. ಹೀಗೆ ಮಾಡಿದರೆ ಮೋಸ ಮಾಡಿ ಲಾಭವಿಲ್ಲ. ಇಷ್ಟು ಸಲ ಸೇರುವುದಕ್ಕೆ ಒಂದು ನೆಪವೂ ಬೇಕಲ್ಲ? ತಯಾರಕರ ಸಂಘ ಅಂತ ಒಂದನ್ನು ಮುಂದಿಟ್ಟುಕೊಂಡರು, ಅದರ ಹೆಸರಲ್ಲಿ ಸುಳ್ಳು ಕಾರ್ಯಸೂಚಿ ಬರೆದಿಟ್ಟರು.

ಇದೆಲ್ಲ ಹೊರಬಂದದ್ದು ಎಡಿಎಂನ ಒಬ್ಬ ಹಿರಿಯ ಅಧಿಕಾರಿ ಮಾರ್ಕ್ ವಿಟಾಕರ್ ಅವರಿಂದ. 1992ರ ನವೆಂಬರ್‌ನಲ್ಲಿ ಅವರು ಎಫ್‌ಬಿಐಗೆ ಬಾಯಿಬಿಟ್ಟರು. ಮುಂದಿನ ಎರಡೂವರೆ ವರ್ಷ ಗುಟ್ಟಾಗಿ ಟೇಪ್ ಮಾಡಿಕೊಟ್ಟರು. ಪ್ರತಿಸ್ಪರ್ಧಿಗಳು ನಮ್ಮ ಗೆಳೆಯರು, ಗಿರಾಕಿಗಳೇ ನಮ್ಮ ಶತ್ರುಗಳು ಎಂಬರ್ಥದ ಮಾತು ಆ ಟೇಪುಗಳಲ್ಲಿದೆ. ಅಟ್ಲಾಂಟಾದ ಒಂದು ಸಭೆಯಲ್ಲಿ ಖಾಲಿ ಕುರ್ಚಿಗಳನ್ನು ತೋರಿಸಿ, ಇದು ಟೈಸನ್‌ಗೆ, ಅದು ಎಫ್‌ಬಿಐಗೆ ಅಂತ ನಕ್ಕದ್ದೂ ಇದೆ. ಟೈಸನ್ ಅಂದರೆ ಲೈಸಿನ್ ಕೊಳ್ಳುತ್ತಿದ್ದ ದೊಡ್ಡ ಕೋಳಿ ಕಂಪನಿ. ಆ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

1996ರಲ್ಲಿ ಎಡಿಎಂ ತಪ್ಪೊಪ್ಪಿಕೊಂಡು, ಲೈಸಿನ್ ಮತ್ತು ಇಂಥದೇ ಇನ್ನೊಂದು ಕೂಟ ನಡೆದಿದ್ದ ಸಿಟ್ರಿಕ್ ಆಸಿಡ್ ಎರಡಕ್ಕೂ ಸೇರಿ 10 ಕೋಟಿ ಡಾಲರ್ ದಂಡ ಕಟ್ಟಿತು. ಇಂಥ ಕೇಸಿನಲ್ಲಿ ಅಲ್ಲಿಯವರೆಗೆ ಅದೇ ಅತಿ ದೊಡ್ಡ ದಂಡ. ಕಂಪನಿಯ ಇಬ್ಬರು ದೊಡ್ಡ ಅಧಿಕಾರಿಗಳು ಜೈಲಿಗೆ ಹೋದರು. ವಿಟಾಕರ್ ಕೂಡ ಹೋದರು. ಗುಟ್ಟಾಗಿ ಟೇಪ್ ಮಾಡುತ್ತಿದ್ದ ದಿನಗಳಲ್ಲೇ ಅವರು ಕಂಪನಿಯಿಂದ 90 ಲಕ್ಷ ಡಾಲರ್ ಲಪಟಾಯಿಸಿದ್ದು ಬೆಳಕಿಗೆ ಬಂತು.

ಈ ಕೇಸಿನಿಂದಲೇ ಶುರು ಮಾಡಿದ್ದಕ್ಕೆ ಕಾರಣವಿದೆ. ಇಲ್ಲಿ ಟೇಪ್ ಇತ್ತು. ಮುಂದೆ ಹೇಳುವ ಕೇಸುಗಳಲ್ಲಿ ಇಂಥ ಟೇಪ್ ಇಲ್ಲ. ಅಷ್ಟರಿಂದಲೇ ಎಲ್ಲ ಬದಲಾಗುತ್ತದೆ.

ಬಸ್‌ಸ್ಟ್ಯಾಂಡಿನ ಎದುರು ಎರಡು ಟೀ ಅಂಗಡಿ ಇವೆ ಅಂದುಕೊಳ್ಳಿ. ಒಬ್ಬ ಟೀಗೆ 12 ರೂಪಾಯಿ ಮಾಡಿದ. ಎದುರಿನವನು ಬೋರ್ಡು ನೋಡಿ ತಾನೂ 12 ಮಾಡಿದ. ಅವರು ಒಬ್ಬರನ್ನೊಬ್ಬರು ಮಾತಾಡಿಸಲೇ ಇಲ್ಲ. ಇದು ತಪ್ಪಾ? ಅಮೆರಿಕದ ಕಾನೂನಿನ ಪ್ರಕಾರ ತಪ್ಪಲ್ಲ. ಅದೇ ಇಬ್ಬರು ಹಿಂದಿನ ರಾತ್ರಿ ಫೋನಿನಲ್ಲಿ ಮಾತಾಡಿ, ನಾಳೆಯಿಂದ ಇಬ್ಬರೂ 12 ಅಂದರೆ ಅದು ಜೈಲು ಶಿಕ್ಷೆಗೆ ದಾರಿ ಮಾಡುವ ಅಪರಾಧ. ಗಿರಾಕಿಯ ಜೇಬಿನಿಂದ ಹೋಗುವ ದುಡ್ಡು ಎರಡೂ ಸಲ ಒಂದೇ. ಕಾನೂನು ಹಿಡಿಯುವುದು ಬೆಲೆಯನ್ನಲ್ಲ, ಒಪ್ಪಂದವನ್ನು. 1890ರ ಷರ್ಮನ್ ಕಾಯ್ದೆಯ ಮೊದಲ ಕಲಮಿನ ತಿರುಳು ಇದು.

ಈಗ ಇನ್ನೊಂದು ಸಂಗತಿ ಗಮನಿಸಿ. ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತು ಟೀ ಅಂಗಡಿ ಇದ್ದರೆ ಎಲ್ಲರೂ ಸುಮ್ನೆ ಒಂದೇ ಬೆಲೆಗೆ ಬರುವುದಿಲ್ಲ. ಯಾರಾದರೂ ಇಳಿಸುತ್ತಾರೆ. ಬೆಲೆ ಏರಿಸಬೇಕಾದರೆ ಕೂತು ಮಾತಾಡಲೇಬೇಕು, ಮಾತಾಡಿದರೆ ಸಿಕ್ಕಿಬೀಳಬಹುದು. ಇಬ್ಬರೇ ಇದ್ದಾಗ ಮಾತು ಬೇಕಿಲ್ಲ, ಕಣ್ಣೋಟ ಸಾಕು. ಅಂದರೆ ಮಾರುವವರು ಕಡಿಮೆಯಾದಷ್ಟೂ ಗಿರಾಕಿಗೆ ಅಪಾಯ ಜಾಸ್ತಿ, ಅಪರಾಧದ ಪುರಾವೆ ಮಾತ್ರ ಕಡಿಮೆ. ಅಮೆರಿಕದ ರೈತರು ಮತ್ತು ರೈಲ್ವೆಗಳ ಜಗಳ ಅರ್ಥವಾಗಬೇಕಾದರೆ ಇದನ್ನು ಮೊದಲು ತಿಳಿದುಕೊಳ್ಳಬೇಕು.

ಆ ಜಗಳ ಷರ್ಮನ್ ಕಾಯ್ದೆಗಿಂತ ಹಳೆಯದು. 1870ರ ದಶಕದಲ್ಲಿ ಚಿಕಾಗೊ ಧಾನ್ಯದ ದೊಡ್ಡ ಪೇಟೆ. ಸುತ್ತಲಿನ ರಾಜ್ಯಗಳ ಗೋಧಿ, ಮೆಕ್ಕೆಜೋಳ ರೈಲಿನಲ್ಲಿ ಬಂದು ಎತ್ತರದ ಉಗ್ರಾಣಗಳನ್ನು ಸೇರುತ್ತಿತ್ತು. ಅಂಥ 14 ಉಗ್ರಾಣಗಳು 9 ಸಂಸ್ಥೆಗಳ ಹಿಡಿತದಲ್ಲಿದ್ದವು. ಅವು ಬಾಡಿಗೆಯನ್ನು ಮಾತಾಡಿಕೊಂಡು ನಿಗದಿ ಮಾಡುತ್ತಿದ್ದವು. ಅದೂ ಗುಟ್ಟಾಗಿ ಅಲ್ಲ. ಪ್ರತಿ ಜನವರಿಯಲ್ಲಿ ಆ ವರ್ಷದ ದರವನ್ನು ಚಿಕಾಗೊದ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದವು! ಆಗ ಅದನ್ನು ತಡೆಯುವ ಕಾನೂನೇ ಇರಲಿಲ್ಲ. ರೈತರು ಗ್ರೇಂಜ್ ಎಂಬ ಸಂಘ ಕಟ್ಟಿ ಹೋರಾಡಿದರು. ಇಲಿನಾಯ್ ರಾಜ್ಯ ಬಾಡಿಗೆಗೆ ಮಿತಿ ಹಾಕಿತು. ಉಗ್ರಾಣದ ಮಾಲೀಕರು ಸುಪ್ರೀಂ ಕೋರ್ಟ್ ತನಕ ಹೋದರೂ 1877ರಲ್ಲಿ ಸೋತರು. ರೈಲ್ವೆ ದರದ ಮೇಲೆ ಕಣ್ಣಿಡಲು 1887ರಲ್ಲಿ ಒಂದು ರಾಷ್ಟ್ರೀಯ ಆಯೋಗ ಬಂತು, ಮೂರು ವರ್ಷಕ್ಕೆ ಷರ್ಮನ್ ಕಾಯ್ದೆ ಬಂತು.

ಆ ಕಾಯ್ದೆಯ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ರೈಲಿನದ್ದೇ. ಮಿಸೌರಿ ನದಿಯ ಪಶ್ಚಿಮಕ್ಕೆ ಓಡುತ್ತಿದ್ದ 18 ರೈಲು ಕಂಪನಿಗಳು ಒಂದು ಸಂಘ ಮಾಡಿಕೊಂಡು ಸಾಗಣೆ ದರ ನಿಗದಿ ಮಾಡುತ್ತಿದ್ದವು. ನಾವು ನಿಗದಿ ಮಾಡಿದ ದರ ನ್ಯಾಯವಾಗಿಯೇ ಇದೆ ಅಂತ ವಾದಿಸಿದವು. 1897ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ಒಪ್ಪಲಿಲ್ಲ. ದರ ನ್ಯಾಯವೋ ಅನ್ಯಾಯವೋ ಎಂಬುದು ಪ್ರಶ್ನೆಯಲ್ಲ, ಒಟ್ಟಿಗೆ ಕೂತು ನಿಗದಿ ಮಾಡಿದ್ದೇ ತಪ್ಪು ಅಂದಿತು. ಮಾತಾಡಿಕೊಳ್ಳುವುದು ನಿಂತರೆ ಒಂದಾಗಿಬಿಡೋಣ ಅಂತ ಬ್ಯಾಂಕರ್ ಜೆ.ಪಿ. ಮಾರ್ಗನ್, ರೈಲು ಉದ್ಯಮಿ ಜೇಮ್ಸ್ ಹಿಲ್ ಮುಂತಾದವರು 1901ರಲ್ಲಿ ನಾರ್ದರ್ನ್ ಸೆಕ್ಯುರಿಟೀಸ್ ಎಂಬ ಕಂಪನಿ ಮಾಡಿದರು. ಗ್ರೇಟ್ ನಾರ್ದರ್ನ್, ನಾರ್ದರ್ನ್ ಪೆಸಿಫಿಕ್, ಬರ್ಲಿಂಗ್ಟನ್ ಮೂರೂ ಅದರ ಕೆಳಗೆ ಬಂದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸರ್ಕಾರ ಕೇಸು ಹಾಕಿತು. 1904ರಲ್ಲಿ ಕೋರ್ಟ್ ಅದನ್ನು ಒಡೆಯಿತು.

ಆಮೇಲೆ? 1970ರಲ್ಲಿ ಅದೇ ಮೂರು ರೈಲುಗಳು ಸರ್ಕಾರದ ಒಪ್ಪಿಗೆಯಿಂದಲೇ ಒಂದಾದವು. 1995ರಲ್ಲಿ ಸಾಂಟಾ ಫೆ ಕಂಪನಿಯೂ ಸೇರಿ ಬಿಎನ್‌ಎಸ್‌ಎಫ್ ಆಯಿತು. ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹಾಥವೇ 2010ರಲ್ಲಿ ಅದನ್ನು ಕೊಂಡಿತು.

ಒಂದಾಗಲು ಬಿಟ್ಟದ್ದಕ್ಕೆ ಕಾರಣವೂ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳು ಒಂದೊಂದಾಗಿ ದಿವಾಳಿಯಾಗುತ್ತಿದ್ದವು. 1980ರ ಸ್ಟ್ಯಾಗರ್ಸ್ ಕಾಯ್ದೆ ಅವುಗಳಿಗೆ ದರ ಹಾಕುವ ಸ್ವಾತಂತ್ರ್ಯ ಕೊಟ್ಟಿತು. ರೈಲುಗಳು ಚೇತರಿಸಿಕೊಂಡವು, ಅನೇಕ ಕಡೆ ದರವೂ ಇಳಿಯಿತು. ಜೊತೆಗೆ ಒಂದನ್ನೊಂದು ನುಂಗುತ್ತಲೂ ಹೋದವು. ಆಗ ಮೊದಲ ದರ್ಜೆಯ, ಅಂದರೆ ಅತಿ ದೊಡ್ಡ, ರೈಲು ಕಂಪನಿಗಳು ಸುಮಾರು 40 ಇದ್ದವು. ಈಗ 6. ಅದರಲ್ಲಿ ಪಶ್ಚಿಮದ ಬಹುಪಾಲು ಸರಕು ಬಿಎನ್‌ಎಸ್‌ಎಫ್ ಮತ್ತು ಯೂನಿಯನ್ ಪೆಸಿಫಿಕ್ ಕೈಯಲ್ಲಿ, ಪೂರ್ವದ್ದು ಸಿಎಸ್‌ಎಕ್ಸ್ ಮತ್ತು ನಾರ್ಫೋಕ್ ಸದರ್ನ್ ಕೈಯಲ್ಲಿ.

ಮೊಂಟಾನಾ ರಾಜ್ಯದ ಗೋಧಿ ಬೆಳೆಗಾರನ ಜಾಗದಲ್ಲಿ ನಿಂತು ನೋಡಿ. ಗೋಧಿ ಪೆಸಿಫಿಕ್ ಕರಾವಳಿಯ ಬಂದರಿಗೆ ಹೋಗಬೇಕು. ನೂರಾರು ಮೈಲಿ ಲಾರಿಯಲ್ಲಿ ಒಯ್ದರೆ ಗಿಟ್ಟುವುದಿಲ್ಲ. ಹತ್ತಿರ ದೋಣಿ ಓಡುವ ನದಿ ಇಲ್ಲ. ಇರುವುದು ಒಂದೇ ರೈಲು. ಮಿಸಿಸಿಪ್ಪಿ ನದಿಯ ಹತ್ತಿರದ ರೈತನಿಗೆ ಬಾರ್ಜ್, ಅಂದರೆ ಸರಕು ದೋಣಿ, ಇದೆ, ಅದರ ಭಯಕ್ಕೆ ರೈಲಿನವರು ದರ ತಗ್ಗಿಸುತ್ತಾರೆ. ಮೊಂಟಾನಾದವನಿಗೆ ಆ ಆಸರೆ ಇಲ್ಲ. ಧಾನ್ಯದ ವ್ಯಾಪಾರಿ ಬಾಡಿಗೆಯನ್ನು ಮುರಿದುಕೊಂಡೇ ಗೋಧಿಗೆ ಬೆಲೆ ಹೇಳುತ್ತಾನೆ. ಹಾಗಾಗಿ ರೈಲು ಬಾಡಿಗೆಯ ಚೀಟಿ ರೈತನ ಕೈಗೆ ಬರದಿದ್ದರೂ ಅದನ್ನು ಕಟ್ಟುವವನು ಅವನೇ.

ಈ ರೈತರು 1980ರಲ್ಲೇ ಕೇಸು ಹಾಕಿದರು. ಮೆಕಾರ್ಟಿ ಫಾರ್ಮ್ಸ್ ಅನ್ನುವ ಹೆಸರಿನ ಆ ಕೇಸು ಬೆಲೆ ಕೂಟದ ಬಗ್ಗೆ ಅಲ್ಲ, ಒಂದೇ ರೈಲು ಹಾಕುವ ದರ ಅತಿಯಾಯಿತು ಅನ್ನುವುದರ ಬಗ್ಗೆ. ದರ ಅತಿಯೋ ಅಲ್ಲವೋ ನೋಡಲು ಒಂದು ವಿಚಿತ್ರ ಪರೀಕ್ಷೆ ಇದೆ. ಹೊಸದಾಗಿ, ಅಚ್ಚುಕಟ್ಟಾಗಿ ಒಂದು ರೈಲು ದಾರಿ ಕಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು ಅಂತ ಕಾಗದದ ಮೇಲೆ ತೋರಿಸಬೇಕು. ಸೇತುವೆ, ಸುರಂಗ, ಎಂಜಿನ್, ಸಿಬ್ಬಂದಿ, ಎಲ್ಲದರ ಲೆಕ್ಕ. ಇಲ್ಲದ ರೈಲನ್ನು ಕಾಗದದಲ್ಲಿ ಓಡಿಸುವುದಕ್ಕೇ ಲಕ್ಷಗಟ್ಟಲೆ ಡಾಲರ್ ಬೇಕು. ರೈಲಿನಲ್ಲಿ ಕಲ್ಲಿದ್ದಲು ತರಿಸುವ ವಿದ್ಯುತ್ ಕಂಪನಿಗಳಿಗೆ ಅದು ಸಾಧ್ಯ, ಗೋಧಿ ಬೆಳೆಯುವವನಿಗೆ ಎಲ್ಲಿ ಸಾಧ್ಯ? 17 ವರ್ಷ ನಡೆದ ಕೇಸು 1997ರಲ್ಲಿ ವಜಾ ಆಯಿತು. ಹೊಲದಲ್ಲಿ 17 ಬೆಳೆ ಬಂದು ಹೋಗುವಷ್ಟು ಕಾಲ ಕಾದು ಬರಿಗೈಯಲ್ಲಿ ಮರಳುವುದು ನನಗಂತೂ ತುಂಬಾ ನೋವಿನ ಸಂಗತಿ ಅನ್ನಿಸುತ್ತದೆ.

ಕೂಟದ ಆರೋಪ ಬಂದದ್ದು ಡೀಸೆಲ್ ವಿಷಯದಲ್ಲಿ. 2003ರ ಹೊತ್ತಿಗೆ ರೈಲು ಕಂಪನಿಗಳು ಬಾಡಿಗೆಯ ಮೇಲೆ ಇಂಧನ ಸರ್‌ಚಾರ್ಜ್ ಅಂತ ಜೋರಾಗಿ ಸೇರಿಸತೊಡಗಿದವು. ಎಣ್ಣೆ ದರ ಏರಿದಾಗ ಅದನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ತಕರಾರು ಇದ್ದದ್ದು ಲೆಕ್ಕದ ರೀತಿಯಲ್ಲಿ. ಎಷ್ಟು ಡೀಸೆಲ್ ಸುಟ್ಟಿತು ಅಂತ ನೋಡದೆ, ಬಾಡಿಗೆಯ ಇಷ್ಟು ಶೇಕಡಾ ಅಂತ ಹಾಕುತ್ತಿದ್ದರು. ಉದಾಹರಣೆಗೆ ಎರಡು ವ್ಯಾಗನ್ ಒಂದೇ ತೂಕ, ಒಂದೇ ದೂರ, ಸುಡುವ ಡೀಸೆಲ್ ಒಂದೇ. ಒಂದರ ಬಾಡಿಗೆ 2,000 ಡಾಲರ್, ಬೇರೆ ದಾರಿ ಇಲ್ಲದವನ ಇನ್ನೊಂದರದ್ದು 4,000. ಸರ್‌ಚಾರ್ಜ್ ಶೇ. 10 ಅಂದರೆ ಮೊದಲನೆಯವನು 200 ಕಟ್ಟುತ್ತಾನೆ, ಎರಡನೆಯವನು 400. ಮೊದಲೇ ಜಾಸ್ತಿ ಕೊಡುವವನೇ ಮತ್ತೂ ಜಾಸ್ತಿ ಕೊಡಬೇಕು. ರೈಲು ಸಾಗಣೆ ನೋಡಿಕೊಳ್ಳುವ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ 2007ರ ಜನವರಿಯಲ್ಲಿ ಈ ಪದ್ಧತಿ ಸರಿಯಲ್ಲ ಅಂತ ಹೇಳಿತು. ಆದರೆ ಅದರ ಮಾತು ನಡೆಯುವುದು ಅದರ ಅಧಿಕಾರದ ಕೆಳಗಿರುವ ಸರಕಿನ ಮೇಲೆ ಮಾತ್ರ. ಖಾಸಗಿ ಕರಾರಿನಲ್ಲಿ ಓಡುವ ಬಹಳಷ್ಟು ಸರಕು ಅದರ ಹೊರಗೆ.

ಅದೇ ವರ್ಷ ಸರಕು ಕಳಿಸುವವರು ನಾಲ್ಕೂ ದೊಡ್ಡ ಕಂಪನಿಗಳ ಮೇಲೆ ಕೇಸು ಹಾಕಿದರು. ಪಶ್ಚಿಮದ ಎರಡೂ ಕಂಪನಿಗಳ ಸೂತ್ರ ಒಂದೇ, ಪೂರ್ವದ ಎರಡರದ್ದೂ ಒಂದೇ, ಇದು ಮಾತಾಡಿಕೊಳ್ಳದೆ ಆಗುವುದಲ್ಲ ಅನ್ನುವುದು ಅವರ ವಾದ. ರೈಲು ಉದ್ಯಮದ ಸಂಘ 2003ರ ಕೊನೆಯಲ್ಲಿ ಇಂಧನವನ್ನು ಬಿಟ್ಟು ಲೆಕ್ಕ ಹಾಕುವ ಹೊಸ ವೆಚ್ಚ ಸೂಚ್ಯಂಕ ಹೊರತಂದದ್ದನ್ನೂ ಅವರು ಎತ್ತಿ ತೋರಿಸಿದರು. ಇಂಧನದ ಖರ್ಚನ್ನು ಬೇರೆಯಾಗಿ ವಸೂಲು ಮಾಡಲು ಅದು ದಾರಿ ಮಾಡಿಕೊಟ್ಟಿತು ಅಂದರು. ಕಂಪನಿಗಳು ಇದನ್ನೆಲ್ಲ ಅಲ್ಲಗಳೆದವು. ಡೀಸೆಲ್ ದರ ಎಲ್ಲರಿಗೂ ಏರಿತ್ತು, ಎಲ್ಲರೂ ತಮ್ಮ ಪಾಡಿಗೆ ಒಂದೇ ಉತ್ತರಕ್ಕೆ ಬಂದರು ಅಂದವು. ಟೀ ಅಂಗಡಿಯ ವಾದ ಇದೇ ಅಲ್ವಾ?

ಇಲ್ಲಿ ಲೆಕ್ಕವೇ ದೊಡ್ಡ ಯುದ್ಧವಾಯಿತು. ಕೇಸು ಎಲ್ಲರ ಪರವಾಗಿ ಒಟ್ಟಿಗೆ ನಡೆಯಬೇಕಾದರೆ, ಎಲ್ಲರಿಗೂ ನಷ್ಟವಾಗಿದೆ ಅಂತ ಒಂದೇ ಲೆಕ್ಕದಿಂದ ತೋರಿಸಬೇಕು. 2012ರಲ್ಲಿ ಕೆಳಗಿನ ಕೋರ್ಟ್ ಒಪ್ಪಿತು. ಮರುವರ್ಷ ಮೇಲಿನ ಕೋರ್ಟ್ ಅದನ್ನು ಹಿಂದಕ್ಕೆ ಕಳಿಸಿತು. ಕಾರಣ ಕೇಳಿ. ಕೂಟ ಶುರುವಾಯಿತು ಅನ್ನುವುದಕ್ಕೂ ಮೊದಲೇ ಹಳೆಯ ಕರಾರಿನಲ್ಲಿ ದರ ಗೊತ್ತುಮಾಡಿಕೊಂಡವರು ಕೆಲವರಿದ್ದರು. ಅವರಿಗೆ ಕೂಟದಿಂದ ನಷ್ಟವಾಗಲು ಸಾಧ್ಯವೇ ಇಲ್ಲ. ಆದರೂ ತಜ್ಞರ ಲೆಕ್ಕ ಅವರಿಗೂ ನಷ್ಟ ತೋರಿಸುತ್ತಿತ್ತು. ಮುಂದೆ ನಡೆದ ವಿಚಾರಣೆಯಲ್ಲಿ ಇನ್ನೊಂದು ತೊಡಕು ಎದ್ದಿತು. ಸುಮಾರು 16 ಸಾವಿರ ಗಿರಾಕಿಗಳಲ್ಲಿ 2,037 ಜನಕ್ಕೆ, ಅಂದರೆ ಶೇ. 12.7 ಮಂದಿಗೆ, ಅದೇ ಲೆಕ್ಕ ನಷ್ಟ ತೋರಿಸಲಿಲ್ಲ. ಅವರನ್ನು ಬೇರ್ಪಡಿಸುವ ದಾರಿ ಕಾಣಲಿಲ್ಲ. 2019ರಲ್ಲಿ ಒಟ್ಟು ಕೇಸಿನ ಬಾಗಿಲು ಮುಚ್ಚಿತು. ದುಡ್ಡಿದ್ದ ದೊಡ್ಡ ಗಿರಾಕಿಗಳು ತಮ್ಮ ತಮ್ಮ ಕೇಸು ಬೇರೆ ಹಾಕಿಕೊಂಡರು. ಸಣ್ಣವರು ಏನು ಮಾಡಬೇಕು? ನ್ಯಾಯಾಧೀಶರ ತರ್ಕದಲ್ಲಿ ಹುಳುಕಿಲ್ಲ, ಲೆಕ್ಕ ತಪ್ಪಿದ್ದರೆ ತಪ್ಪೇ. ಆದರೆ ಒಬ್ಬೊಬ್ಬರೇ ಹೋರಾಡಲು ಆಗದವರಿಗೆ ಒಟ್ಟು ಕೇಸು ಬಿಟ್ಟರೆ ಬೇರೆ ಬಾಗಿಲಿಲ್ಲ.

ಕೋಳಿಯ ಕಥೆಗೆ ಬರೋಣ. ಇಲ್ಲಿ ರೈಲಿನಂತೆ ನಾಲ್ಕೇ ಕಂಪನಿ ಅಲ್ಲ, ಹೆಚ್ಚು ಇವೆ. ಮಾತಾಡದೆ ಒಂದಾಗುವುದು ಕಷ್ಟ. ಆದರೆ ಎಲ್ಲರಿಗೂ ಎಲ್ಲರ ಲೆಕ್ಕ ಕಾಣುವಂತಿದ್ದರೆ? ಇಂಡಿಯಾನಾ ರಾಜ್ಯದ ಅಗ್ರಿ ಸ್ಟಾಟ್ಸ್ ಎಂಬ ಕಂಪನಿ ಮಾಂಸದ ಕಂಪನಿಗಳಿಂದ ಉತ್ಪಾದನೆ, ಖರ್ಚು, ಬೆಲೆಯ ಅಂಕಿಗಳನ್ನು ಪಡೆದು, ಹೆಸರು ತೆಗೆದು, ವರದಿ ಮಾಡಿ ಅದೇ ಕಂಪನಿಗಳಿಗೆ ಮಾರುತ್ತಿತ್ತು. ಹೆಸರು ಇಲ್ಲದಿದ್ದರೂ ಯಾರ ಅಂಕಿ ಯಾವುದು ಅಂತ ಒಳಗಿನವರಿಗೆ ಗೊತ್ತಾಗುತ್ತಿತ್ತು ಅನ್ನುವುದು ಆರೋಪ. 2023ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಅದರ ಮೇಲೆ ಕೇಸು ಹಾಕಿತು, ಕಂಪನಿ ಆರೋಪ ಒಪ್ಪಲಿಲ್ಲ. ಜಾರ್ಜಿಯಾ ರಾಜ್ಯದ ಕೃಷಿ ಇಲಾಖೆ ಹೊರಡಿಸುತ್ತಿದ್ದ ಕೋಳಿ ಬೆಲೆಯ ಸೂಚ್ಯಂಕ ಇನ್ನೂ ಸರಳವಾಗಿತ್ತು. ಕಂಪನಿಯವರು ಫೋನಿನಲ್ಲಿ ಹೇಳಿದ ಬೆಲೆಯನ್ನು ಬರೆದುಕೊಂಡು ಪ್ರಕಟಿಸುತ್ತಿದ್ದರು. ಅದರ ಮೇಲೆ ಪ್ರಶ್ನೆಗಳು ಎದ್ದು 2016ರಲ್ಲಿ ಅದು ನಿಂತಿತು.

ಅದೇ 2016ರಲ್ಲಿ ಕೋಳಿ ಕೊಳ್ಳುವವರು, ಕೋಳಿ ಕಂಪನಿಗಳು ಮಾತಾಡಿಕೊಂಡು ಬೆಲೆ ಏರಿಸಿವೆ ಅಂತ ಕೇಸು ಹಾಕಿದರು. ಲೈಸಿನ್ ಕೂಟದ ಗಿರಾಕಿಯಾಗಿದ್ದ ಟೈಸನ್ ಈಗ ಆರೋಪಿಗಳ ಸಾಲಿನಲ್ಲಿತ್ತು. 2021ರಲ್ಲಿ ಅದು ತಪ್ಪು ಒಪ್ಪಿಕೊಳ್ಳದೆ 22 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು. ಇನ್ನೊಂದು ದೊಡ್ಡ ಕಂಪನಿ ಪಿಲ್‌ಗ್ರಿಮ್ಸ್ ಪ್ರೈಡ್ ಕ್ರಿಮಿನಲ್ ಕೇಸಿನಲ್ಲೇ ತಪ್ಪೊಪ್ಪಿಕೊಂಡು 10.79 ಕೋಟಿ ಡಾಲರ್ ದಂಡ ಕಟ್ಟಿತು. ಆಮೇಲೆ ಸರ್ಕಾರ ಹತ್ತು ಅಧಿಕಾರಿಗಳನ್ನು ವಿಚಾರಣೆಗೆ ತಂದಿತು. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಐವರನ್ನು ಬಿಟ್ಟು ಉಳಿದ ಐವರ ಮೇಲೆ ಮೂರನೇ ಸಲ ನಡೆಸಿದರು. 2022ರ ಜುಲೈನಲ್ಲಿ ಐವರೂ ನಿರ್ದೋಷಿಗಳು ಅಂತ ತೀರ್ಪು ಬಂತು. ಕಂಪನಿ ತಪ್ಪು ಮಾಡಿದೆ ಅಂತ ಕಂಪನಿಯೇ ಹೇಳಿತು, ಜ್ಯೂರಿಯ ಮುಂದೆ ನಿಂತ ಯಾರೂ ತಪ್ಪಿತಸ್ಥರಲ್ಲ ಅಂತ ಆಯಿತು. ಫೋನು, ಮೆಸೇಜುಗಳ ದಾಖಲೆ ಇತ್ತು, ಮಾವಿಯ ಕೋಣೆಯಂಥ ವಿಡಿಯೋ ಇರಲಿಲ್ಲ.

ಇದನ್ನೆಲ್ಲ ಕೇಳಿದಾಗ ಒಂದು ಪ್ರಶ್ನೆ ಏಳುತ್ತದೆ. ರೈತರು ಸೇರಿ ಬೆಲೆ ಮಾತಾಡಿಕೊಂಡರೆ ಅದೂ ಅಪರಾಧವಾ? 1922ರ ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆ ಇದಕ್ಕೆ ಉತ್ತರ. ರೈತರು ಸಹಕಾರ ಸಂಘ ಕಟ್ಟಿ ಒಟ್ಟಿಗೆ ಮಾರಬಹುದು, ಬೆಲೆಯನ್ನೂ ಒಟ್ಟಿಗೆ ಹೇಳಬಹುದು. ಸಾವಿರ ಮಂದಿ ಸಣ್ಣ ಮಾರುಗಾರರು ನಾಲ್ವರು ದೊಡ್ಡ ಕೊಳ್ಳುಗರ ಎದುರು ಒಬ್ಬೊಬ್ಬರೇ ನಿಲ್ಲಲಾರರು ಅನ್ನುವುದನ್ನು ಕಾನೂನು ಒಪ್ಪಿಕೊಂಡ ಅಪರೂಪದ ಜಾಗ ಇದು, ನನಗೆ ತುಂಬಾ ಇಷ್ಟವಾದದ್ದೂ ಹೌದು.

ನಮ್ಮಲ್ಲಿ ಗೂಡ್ಸ್ ರೈಲಿನ ದರ ಹಾಕುವುದು ಸರ್ಕಾರಿ ರೈಲ್ವೆ, ಹಾಗಾಗಿ ಆ ಜಗಳ ಇಲ್ಲಿಗೆ ಬರುವುದಿಲ್ಲ. ಆದರೆ ಬೆಲೆ ಕೂಟವನ್ನು ತಡೆಯುವ 2002ರ ಸ್ಪರ್ಧಾ ಕಾಯ್ದೆ ನಮ್ಮಲ್ಲೂ ಇದೆ. ಭಾರತೀಯ ಸ್ಪರ್ಧಾ ಆಯೋಗ ಈರುಳ್ಳಿ ಪೇಟೆಯ ಬಗ್ಗೆ ಅಧ್ಯಯನ ಮಾಡಿಸಿದ್ದು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿಂದ. 2012ರ ಆ ವರದಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಪೇಟೆಗಳನ್ನು ನೋಡಿತು. ಕೆಲವೇ ದೊಡ್ಡ ವ್ಯಾಪಾರಿಗಳ ಹಿಡಿತ ಎಷ್ಟು, ಹೊಸಬರು ಒಳಗೆ ಬರುವುದು ಎಷ್ಟು ಕಷ್ಟ ಅನ್ನುವುದನ್ನು ಅದು ವಿವರಿಸಿತು. ಎಪಿಎಂಸಿ ಹರಾಜಿನಲ್ಲಿ ಕೊಳ್ಳುವವರೆಲ್ಲ ಒಂದೇ ಬೆಲೆಗೆ ಬಂದು ನಿಂತುಬಿಟ್ಟರೆ ರೈತನಿಗೆ ಒಳಗೊಳಗೇ ಅನುಮಾನ ಬರುತ್ತದೆ. ಆಯೋಗದ ಮುಂದೆ ಹೋದರೆ ಅಲ್ಲೂ ಕೇಳುವುದು ಅದೇ: ಅವರು ಮಾತಾಡಿಕೊಂಡರು ಅನ್ನುವುದಕ್ಕೆ ಏನಿದೆ?

ಈಗ ಅಮೆರಿಕದ ಗೋಧಿ, ಮೆಕ್ಕೆಜೋಳ ಬೆಳೆಯುವವರ ಕಣ್ಣು ಇನ್ನೊಂದು ಕಡೆ ಇದೆ. 2025ರ ಜುಲೈನಲ್ಲಿ ಪಶ್ಚಿಮದ ಯೂನಿಯನ್ ಪೆಸಿಫಿಕ್, ಪೂರ್ವದ ನಾರ್ಫೋಕ್ ಸದರ್ನ್ ಕಂಪನಿಯನ್ನು 8,500 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ರೈಲುಗಳು ಒಂದಾಗುವುದಕ್ಕೆ ಒಪ್ಪಿಗೆ ಕೊಡುವುದು ಕೋರ್ಟಲ್ಲ, ಅದೇ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್. 2001ರಲ್ಲಿ ಅದು ನಿಯಮ ಬಿಗಿ ಮಾಡಿತ್ತು. ದೊಡ್ಡ ರೈಲುಗಳು ಸೇರುವುದಾದರೆ ಪೈಪೋಟಿ ಕಡಿಮೆಯಾಗುವುದಿಲ್ಲ ಅಂದರೆ ಸಾಲದು, ಜಾಸ್ತಿಯಾಗುತ್ತದೆ ಅಂತ ಕಂಪನಿಗಳೇ ತೋರಿಸಬೇಕು. ಆ ನಿಯಮದ ಕೆಳಗೆ ಬಂದ ಮೊದಲ ದೊಡ್ಡ ವಿಲೀನ ಇದು. ಈ ಲೇಖನದ ಉಳಿದೆಲ್ಲ ಕೇಸುಗಳಲ್ಲಿ ಪುರಾವೆ ತರಬೇಕಾದವರು ದೂರು ಕೊಟ್ಟವರು. ಇಲ್ಲಿ ಆ ಹೊರೆ ರೈಲಿನವರ ಮೇಲೆ.